ಬೌಷರ್‌ನ ನೀರು, ದುಡಿದ ಸ್ನಾಯು

ಒಮಾನ್ ದೇಶದ ಮಸ್ಕತ್ ಪ್ರಾಂತ್ಯಕ್ಕೆ ಸೇರಿದ ಬೌಷರ್ ವಿಲಾಯತ್, ಅಂದರೆ ಬೌಷರ್ ತಾಲ್ಲೂಕು, ಹಜರ್ ಪರ್ವತಸಾಲಿನ ಬೋಳು ಬೆಟ್ಟಗಳಿಗೂ ಒಮಾನ್ ಕೊಲ್ಲಿಗೂ ನಡುವೆ ಹರಡಿಕೊಂಡಿದೆ. ಇಂದು ಘುಬ್ರಾ, ಅಲ್ ಖುವೈರ್, ಅಝೈಬಾ ಮುಂತಾದ ಬಡಾವಣೆಗಳಿಂದ ತುಂಬಿ ಮಸ್ಕತ್ ಮಹಾನಗರದ ಭಾಗವೇ ಆಗಿಹೋಗಿರುವ ಈ ನೆಲದಲ್ಲಿ, ಬೆಟ್ಟದ ಬುಡಕ್ಕೆ ಅಂಟಿಕೊಂಡ ಹಳೆಯ ಊರು, ಅದರ ಖರ್ಜೂರದ ತೋಟಗಳು, ಬಿಸಿನೀರಿನ ಬುಗ್ಗೆಗಳು ಮತ್ತು ಬೈತ್ ಅಲ್ ಮಖಾಮ್ ಎಂಬ ಕೋಟೆಮನೆ ಇನ್ನೂ ಉಳಿದಿವೆ. ವರ್ಷಕ್ಕೆ ಸುಮಾರು 100 ಮಿಲಿಮೀಟರಿನಷ್ಟು ಮಾತ್ರ ಮಳೆ ಕಾಣುವ ಈ ಸೀಮೆಯಲ್ಲಿ ತೋಟ ನಿಂತದ್ದು ನೆಲದಡಿಯ ನೀರಿನಿಂದ. ಆ ನೀರು ಮೇಲೆ ಬಂದದ್ದು ಮನುಷ್ಯನ ಮತ್ತು ಎತ್ತಿನ ದೇಹಬಲದಿಂದ. ಆದ್ದರಿಂದ ಬೌಷರ್‌ನಂಥ ಊರಿನ ಗತಕಾಲವನ್ನು ಅರಿಯಬೇಕಾದರೆ ಅರಸರ ವಂಶಾವಳಿಯ ಜೊತೆಗೆ, ಅಗೆದ, ಎಳೆದ, ಹತ್ತಿದ ದೇಹಗಳ ಒಳಗೆ ನಡೆದದ್ದನ್ನೂ ಅರಿಯಬೇಕಾಗುತ್ತದೆ. ಸ್ನಾಯು ಹೇಗೆ ಕಟ್ಟಲ್ಪಟ್ಟಿದೆ, ಹೇಗೆ ಕುಗ್ಗುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ತಿಳಿದಾಗ, ಈ ನಾಡಿನ ಜನ ನೀರಿಗಾಗಿ ಹೂಡಿದ ಉಪಾಯಗಳ ಅರ್ಥವೂ ತಿಳಿಯಾಗುತ್ತದೆ.

ಬೌಷರ್ ಪರಿಸರದ ಪುರಾತತ್ವ ಉತ್ಖನನಗಳು ಕ್ರಿಸ್ತಪೂರ್ವ ಕಾಲದ ಸಮಾಧಿಗಳನ್ನು ಬೆಳಕಿಗೆ ತಂದಿವೆ. ಸಮಾಧಿಯಲ್ಲಿ ಸ್ನಾಯು ಉಳಿಯುವುದಿಲ್ಲ, ಮೂಳೆ ಉಳಿಯುತ್ತದೆ. ಆದರೆ ಸ್ನಾಯುರಜ್ಜು, ಅಂದರೆ ಸ್ನಾಯುವಿನ ತುದಿಯನ್ನು ಮೂಳೆಗೆ ಕಟ್ಟುವ ಗಟ್ಟಿ ನಾರು, ಹಿಡಿದುಕೊಂಡಿದ್ದ ಜಾಗದಲ್ಲಿ ಮೂಳೆಯ ಮೇಲೆ ಏಣುಗಳೂ ಒರಟು ಗುರುತುಗಳೂ ಮೂಡಿರುತ್ತವೆ. ವಯಸ್ಸು ಮತ್ತು ದೇಹಪ್ರಮಾಣ ಕೂಡ ಇಂಥ ಗುರುತುಗಳನ್ನು ರೂಪಿಸುವುದರಿಂದ ಅವನ್ನು ಎಚ್ಚರಿಕೆಯಿಂದಲೇ ಓದಬೇಕಾದರೂ, ಪ್ರಾಚೀನ ಜನರ ದುಡಿಮೆಯನ್ನು ಊಹಿಸಲು ಮಾನವಶಾಸ್ತ್ರಜ್ಞರು ಆಶ್ರಯಿಸುವ ಸಾಕ್ಷ್ಯಗಳಲ್ಲಿ ಇದೂ ಒಂದು.

ಮನುಷ್ಯನ ದೇಹದ ತೂಕದಲ್ಲಿ ಸುಮಾರು ಶೇಕಡ 40 ಭಾಗ ಮೂಳೆಗೆ ಅಂಟಿದ ಸ್ನಾಯುವಿನದು. ಇದನ್ನು ಅಸ್ಥಿಸ್ನಾಯು ಎನ್ನುತ್ತಾರೆ. ಹೃದಯದ ಸ್ನಾಯು ಮತ್ತು ಕರುಳು, ರಕ್ತನಾಳಗಳ ಗೋಡೆಯ ಸ್ನಾಯು ನಮ್ಮ ಇಚ್ಛೆಗೆ ಒಳಪಡುವುದಿಲ್ಲ, ಅಸ್ಥಿಸ್ನಾಯು ಒಳಪಡುತ್ತದೆ. ಒಂದು ಸ್ನಾಯು ಎಂದರೆ ಸ್ನಾಯುತಂತುಗಳ ಅನೇಕ ಕಂತೆಗಳು, ಒಂದು ತಂತು ಎಂದರೆ ಒಂದೇ ಜೀವಕೋಶ; ಅದರ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದರಿಂದ ಹತ್ತನೆಯ ಒಂದು ಭಾಗದವರೆಗೆ ಇದ್ದರೂ, ಉದ್ದ ಹಲವು ಸೆಂಟಿಮೀಟರುಗಳವರೆಗೆ ಹೋಗಬಹುದು. ಭ್ರೂಣಾವಸ್ಥೆಯಲ್ಲಿ ಅನೇಕ ಕೋಶಗಳು ಕೂಡಿ ಒಂದಾಗಿ ಈ ತಂತು ರೂಪುಗೊಳ್ಳುವುದರಿಂದ ಅದರಲ್ಲಿ ಒಂದಲ್ಲ, ನೂರಾರು ಕೋಶಕೇಂದ್ರಗಳಿರುತ್ತವೆ. ತಂತುವಿನ ಒಳಗೆ ಉದ್ದಕ್ಕೂ ಸಾಗುವ ಇನ್ನೂ ಸಣ್ಣ ಎಳೆಗಳನ್ನು ತಂತುಕಗಳೆಂದು ಕರೆಯಬಹುದು. ಪ್ರತಿ ತಂತುಕದಲ್ಲೂ ಸಾರ್ಕೋಮಿಯರ್ ಎಂಬ ಘಟಕಗಳು ಸಾಲಾಗಿ ಒಂದರ ಹಿಂದೊಂದು ಕೂಡಿಕೊಂಡಿವೆ; ವಿಶ್ರಾಂತ ಸ್ಥಿತಿಯಲ್ಲಿ ಒಂದು ಸಾರ್ಕೋಮಿಯರಿನ ಉದ್ದ ಸುಮಾರು 2ರಿಂದ 2.5 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಸಾವಿರ ಭಾಗಗಳಲ್ಲಿ ಎರಡು ಅಥವಾ ಎರಡೂವರೆ ಭಾಗ. ಅದರಲ್ಲಿ ಮಯೋಸಿನ್ ಎಂಬ ಪ್ರೋಟೀನಿನ ದಪ್ಪ ಎಳೆಗಳೂ ಆಕ್ಟಿನ್ ಎಂಬ ಪ್ರೋಟೀನಿನ ತೆಳು ಎಳೆಗಳೂ ಒಂದರ ನಡುವೆ ಒಂದು ಸೇರಿ ನಿಂತಿರುವುದರಿಂದ, ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗಾಢ ಪಟ್ಟಿ, ತಿಳಿ ಪಟ್ಟಿ ಎಂದು ಅಡ್ಡಗೆರೆಗಳ ಸಾಲು ಕಾಣುತ್ತದೆ. ಡಚ್ ವಿಜ್ಞಾನಿ ಲೇವನ್‌ಹುಕ್ 17ನೆಯ ಶತಮಾನದಲ್ಲೇ ಈ ಗೆರೆಗಳನ್ನು ಕಂಡಿದ್ದ. ಇಂಗ್ಲೆಂಡಿನ ವಿಲಿಯಂ ಬೋಮನ್ 1840ರಲ್ಲಿ ಅವುಗಳ ವಿವರವಾದ ವರ್ಣನೆ ಕೊಟ್ಟ. ಜರ್ಮನಿಯ ಕ್ಯೂನ್ 1864ರಲ್ಲಿ ಕಪ್ಪೆಯ ಸ್ನಾಯುವಿನಿಂದ ಪ್ರೋಟೀನ್ ದ್ರವ್ಯವನ್ನು ಹೊರತೆಗೆದು ಮಯೋಸಿನ್ ಎಂದು ಹೆಸರಿಟ್ಟ.

ಯುರೋಪಿನ ಪ್ರಯೋಗಶಾಲೆಗಳಲ್ಲಿ ಸ್ನಾಯುವಿನ ಗುಟ್ಟು ಹೀಗೆ ಒಂದೊಂದಾಗಿ ಬಿಚ್ಚಿಕೊಳ್ಳುವುದಕ್ಕೆ ಎರಡೂವರೆ ಸಾವಿರ ವರ್ಷಗಳಿಗೂ ಹಿಂದೆಯೇ ಆಗ್ನೇಯ ಅರೇಬಿಯದ ಜನ ಆ ಸ್ನಾಯುವನ್ನು ಅತ್ಯಂತ ಕಠಿಣವಾದ ಒಂದು ಕೆಲಸಕ್ಕೆ ಹೂಡಿದ್ದರು. ಒಮಾನ್ ಮತ್ತು ಅಲ್ ಐನ್ ಸೀಮೆಯಲ್ಲಿ ಕ್ರಿ.ಪೂ. 1000ದ ಸುಮಾರಿನ ನೀರಿನ ಕಾಲುವೆಗಳು ಪತ್ತೆಯಾಗಿವೆ. ಫಲಜ್ ಎಂಬ ಹೆಸರಿನ ಈ ವ್ಯವಸ್ಥೆಯಲ್ಲಿ ಮೂರು ಬಗೆ: ಬೆಟ್ಟದ ಬುಡದ ತಾಯಿಬಾವಿಯಿಂದ ನೆಲದಡಿಯ ಸುರಂಗದ ಮೂಲಕ ನೀರು ತರುವುದು ದಾವೂದಿ, ಹಳ್ಳದ ಮೇಲ್ಪದರದ ನೀರನ್ನು ತಿರುಗಿಸಿಕೊಳ್ಳುವುದು ಘೈಲಿ, ಬುಗ್ಗೆಯ ನೀರನ್ನು ನೇರವಾಗಿ ಹರಿಸುವುದು ಐನಿ. ಬೌಷರ್‌ನ ಬಿಸಿನೀರಿನ ಬುಗ್ಗೆಗಳಿಂದ ತೋಟಕ್ಕೆ ಹರಿಯುವ ಕಾಲುವೆಗಳು ಮೂರನೆಯ ಬಗೆಗೆ ಸೇರುತ್ತವೆ. ದಾವೂದಿ ಫಲಜ್ ತೋಡುವಾಗ ಸುರಂಗದ ಉದ್ದಕ್ಕೂ ಅಲ್ಲಲ್ಲಿ ಲಂಬವಾದ ಕೂಪಗಳನ್ನು ಇಳಿಸಿ, ಕೂಪದಿಂದ ಕೂಪಕ್ಕೆ ಅಗೆದು, ಮಣ್ಣು ಕಲ್ಲುಗಳನ್ನು ಹಗ್ಗದಿಂದ ಮೇಲೆತ್ತಬೇಕಾಗಿತ್ತು. ಸುಲೈಮಾನ್ ಪ್ರವಾದಿ ತನ್ನ ಜಿನ್ನಿಗಳಿಂದ ಹತ್ತು ದಿನಗಳಲ್ಲಿ ಹತ್ತು ಸಾವಿರ ಫಲಜ್‌ಗಳನ್ನು ತೋಡಿಸಿದನೆಂಬ ಐತಿಹ್ಯ ಒಮಾನಿನಲ್ಲಿ ಬಳಕೆಯಲ್ಲಿದೆ. ಇಷ್ಟು ದೊಡ್ಡ ಕೆಲಸ ಮನುಷ್ಯರ ತೋಳಿಗೆ ಸಾಧ್ಯವಾದೀತೆಂದು ಮುಂದಿನ ತಲೆಮಾರುಗಳಿಗೇ ನಂಬಿಕೆ ಬಾರದೆ ಹೋಯಿತೆಂಬುದಕ್ಕೆ ಈ ಕತೆಯೇ ಸಾಕ್ಷಿ. ನಿಜದಲ್ಲಿ ಅದನ್ನು ಮಾಡಿದವರು ಮನುಷ್ಯರು. ಅವಾಮಿರ್ ಎಂಬ ಬುಡಕಟ್ಟಿನವರು ಫಲಜ್ ತೋಡುವ ಮತ್ತು ದುರಸ್ತಿ ಮಾಡುವ ಕಸುಬಿಗೆ ಒಮಾನಿನಾದ್ಯಂತ ಹೆಸರಾಗಿದ್ದರು.

ಇಕ್ಕಟ್ಟಾದ ಸುರಂಗದಲ್ಲಿ ಬಗ್ಗಿ ಅಗೆಯುವವನ ದೇಹದಲ್ಲಿ ಎರಡು ಬಗೆಯ ದುಡಿಮೆ ಒಟ್ಟಿಗೇ ನಡೆಯುತ್ತದೆ. ಗುದ್ದಲಿ ಎತ್ತುವ ತೋಳಿನ ಸ್ನಾಯು ಕುಗ್ಗಿ ಸಡಿಲಗೊಳ್ಳುತ್ತಿರುತ್ತದೆ. ಸ್ನಾಯು ಎಳೆಯಬಲ್ಲದೇ ಹೊರತು ತಳ್ಳಲಾರದಾದ್ದರಿಂದ, ತೋಳನ್ನು ಮಡಚುವುದಕ್ಕೆ ಒಂದು, ಚಾಚುವುದಕ್ಕೆ ಅದರ ಎದುರಿನ ಇನ್ನೊಂದು, ಹೀಗೆ ಜೋಡಿಯಾಗಿ ಕೆಲಸ ಸಾಗುತ್ತದೆ. ಅದೇ ಹೊತ್ತಿಗೆ ಬೆನ್ನಿನ ಸ್ನಾಯುಗಳು ಉದ್ದ ಬದಲಿಸದೆ ಬಿಗಿಹಿಡಿದುಕೊಂಡೇ ಇರುತ್ತವೆ. ಇಂಥ ಬಿಗಿತದಲ್ಲಿ ಭೌತಶಾಸ್ತ್ರದ ಲೆಕ್ಕಕ್ಕೆ ಸಿಗುವ ಕೆಲಸ ಏನೂ ನಡೆಯದಿದ್ದರೂ ಶಕ್ತಿ ಖರ್ಚಾಗುತ್ತಲೇ ಇರುತ್ತದೆ. ಜೊತೆಗೆ ಬಿಗಿದ ಸ್ನಾಯು ತನ್ನೊಳಗಿನ ರಕ್ತನಾಳಗಳನ್ನೇ ಅದುಮುವುದರಿಂದ ಆಮ್ಲಜನಕದ ಪೂರೈಕೆ ಕುಸಿದು ದಣಿವು ಬೇಗ ಬರುತ್ತದೆ. ಅಗೆತದವರ ಕೈಗಿಂತ ಮೊದಲು ಸೊಂಟ ಸೋಲುವುದಕ್ಕೆ ಇದೊಂದು ಕಾರಣ. ವರ್ಷಗಟ್ಟಲೆ ಈ ಕಸುಬು ಮಾಡಿದವರ ಸ್ನಾಯು ಬೆಳೆಯುವುದು ಮುಖ್ಯವಾಗಿ ಹೊಸ ತಂತುಗಳು ಹುಟ್ಟುವುದರಿಂದಲ್ಲ, ಇದ್ದ ತಂತುಗಳ ಒಳಗೆ ತಂತುಕಗಳು ಹೆಚ್ಚಿ ಅವು ದಪ್ಪಗಾಗುವುದರಿಂದ.

ಹೀಗೆ ಕುಗ್ಗುವಾಗ ಒಳಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ತೃಪ್ತಿಕರ ಉತ್ತರ ದೊರೆತದ್ದು 20ನೆಯ ಶತಮಾನದ ನಡುವಿನಲ್ಲಿ. ಹಂಗೆರಿಯ ಸೆಗೆಡ್ ನಗರದಲ್ಲಿ ಸೆಂಟ್-ಜೋರ್ಜಿ ಮತ್ತು ಅವರ ಸಹೋದ್ಯೋಗಿ ಸ್ಟ್ರೌಬ್ ಎರಡನೆಯ ಮಹಾಯುದ್ಧದ ದಿನಗಳಲ್ಲಿ ಆಕ್ಟಿನ್ ಪ್ರೋಟೀನನ್ನು ಗುರುತಿಸಿದರು. 1954ರ ಮೇ ತಿಂಗಳ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಲೇಖನಗಳು ಪ್ರಕಟವಾದವು: ಒಂದು ಆಂಡ್ರ್ಯೂ ಹಕ್ಸ್‌ಲಿ ಮತ್ತು ನೀಡರ್‌ಗೆರ್ಕೆ ಅವರದು, ಇನ್ನೊಂದು ಹ್ಯೂ ಹಕ್ಸ್‌ಲಿ ಮತ್ತು ಜೀನ್ ಹ್ಯಾನ್ಸನ್ ಅವರದು. ಹಕ್ಸ್‌ಲಿಗಳಿಬ್ಬರೂ ಬಂಧುಗಳಲ್ಲ, ಕೆಲಸ ಮಾಡಿದ ಜಾಗಗಳೂ ಬೇರೆ. ಆದರೂ ಎರಡೂ ತಂಡಗಳು ಮುಟ್ಟಿದ ತೀರ್ಮಾನ ಒಂದೇ. ಸ್ನಾಯು ಕುಗ್ಗುವಾಗ ಗಾಢ ಪಟ್ಟಿಯ ಅಗಲ ಬದಲಾಗುವುದಿಲ್ಲ, ತಿಳಿ ಪಟ್ಟಿ ಮಾತ್ರ ಕಿರಿದಾಗುತ್ತದೆ. ಎಂದರೆ ಎಳೆಗಳು ತಾವೇ ಮುದುಡಿಕೊಳ್ಳುವುದಿಲ್ಲ, ತೆಳು ಎಳೆಗಳು ದಪ್ಪ ಎಳೆಗಳ ನಡುವೆ ಜಾರಿಕೊಂಡು ಒಳಸರಿಯುತ್ತವೆ.

ಈ ಜಾರಿಕೆಯನ್ನು ನಡೆಸುವುದು ಮಯೋಸಿನ್ ಎಳೆಯಿಂದ ಹೊರಚಾಚಿದ ಸಣ್ಣ ತಲೆಗಳು. ಬಾವಿಯ ಹಗ್ಗವನ್ನು ಎಳೆಯುವವರು ಒಂದು ಕೈ ಬಿಟ್ಟು ಮುಂದಕ್ಕೆ ಹಿಡಿದು ಮತ್ತೆ ಎಳೆಯುವಂತೆ, ಪ್ರತಿ ತಲೆಯೂ ಆಕ್ಟಿನ್ ಎಳೆಯನ್ನು ಹಿಡಿದು, ಬಾಗಿ, ಕೆಲವೇ ನ್ಯಾನೊಮೀಟರಿನಷ್ಟು ಎಳೆದು, ಬಿಟ್ಟು, ಮುಂದಿನ ಜಾಗದಲ್ಲಿ ಮತ್ತೆ ಹಿಡಿಯುತ್ತದೆ. ಎಲ್ಲ ತಲೆಗಳೂ ಒಟ್ಟಿಗೆ ಕೈಬಿಡದೆ ಒಂದೊಂದು ಒಂದೊಂದು ಹಂತದಲ್ಲಿರುವುದರಿಂದ ಎಳೆ ಹಿಂದಕ್ಕೆ ಜಾರುವುದಿಲ್ಲ. ಕೆಲಸ ಆರಂಭವಾಗುವುದು ನರದ ಸಂದೇಶದಿಂದ. ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಿದ್ದು ತಂತುವಿನ ಹೊರಪೊರೆಯಲ್ಲಿ ವಿದ್ಯುತ್ ಅಲೆಯನ್ನು ಎಬ್ಬಿಸುತ್ತದೆ. ಆ ಅಲೆ ಪೊರೆಯಿಂದ ಒಳಕ್ಕೆ ಇಳಿದ ಸಣ್ಣ ನಾಳಗಳ ಮೂಲಕ ತಂತುವಿನ ಆಳಕ್ಕೆ ಮುಟ್ಟಿ, ಒಳಗಿನ ಉಗ್ರಾಣಗಳಿಂದ ಕ್ಯಾಲ್ಸಿಯಂ ಅಯಾನುಗಳನ್ನು ಹೊರಬಿಡಿಸುತ್ತದೆ. ತೆಳು ಎಳೆಯ ಮೇಲೆ ಕುಳಿತ ಟ್ರೋಪೋನಿನ್ ಎಂಬ ಪ್ರೋಟೀನ್ ಕ್ಯಾಲ್ಸಿಯಂ ಹಿಡಿದೊಡನೆ, ಟ್ರೋಪೋಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆ ಪಕ್ಕಕ್ಕೆ ಸರಿದು, ಮಯೋಸಿನ್ ತಲೆ ಹಿಡಿಯಬೇಕಾದ ಜಾಗ ತೆರೆದುಕೊಳ್ಳುತ್ತದೆ. ಕ್ಯಾಲ್ಸಿಯಂನ ಈ ಪಾತ್ರವನ್ನು ತೋರಿಸಿಕೊಟ್ಟವರು ಜಪಾನಿನ ಸೆತ್ಸುರೋ ಎಬಾಶಿ, 1960ರ ದಶಕದಲ್ಲಿ. ಕೆಲಸ ಮುಗಿದಾಗ ಕ್ಯಾಲ್ಸಿಯಂ ಮತ್ತೆ ಉಗ್ರಾಣಕ್ಕೆ ಮರಳಿ ಸ್ನಾಯು ಸಡಿಲಗೊಳ್ಳುತ್ತದೆ.

ಹಿಡಿದ ಎಳೆಯನ್ನು ಬಿಡುವುದಕ್ಕೂ ಮುಂದಿನ ಎಳೆತಕ್ಕೆ ಸಜ್ಜಾಗುವುದಕ್ಕೂ ಮಯೋಸಿನ್ ತಲೆಗೆ ಎಟಿಪಿ ಎಂಬ ಅಣು ಬೇಕು. ಸತ್ತ ದೇಹ ಸೆಟೆದುಕೊಳ್ಳುವುದು ಎಟಿಪಿ ತೀರಿಹೋಗಿ ತಲೆಗಳು ಹಿಡಿತ ಬಿಡಲಾರದೆ ಉಳಿಯುವುದರಿಂದ. ಈ ಅಣುವಿನ ಶೋಧದಲ್ಲಿ ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ಪಾಲಿದೆ: ಹಾರ್ವರ್ಡ್‌ನಲ್ಲಿ ಫಿಸ್ಕೆ ಜೊತೆಗೂಡಿ ಅವರು 1927ರಲ್ಲಿ ಸ್ನಾಯುವಿನ ಫಾಸ್ಫೊಕ್ರಿಯಾಟಿನ್ ಎಂಬ ಶಕ್ತಿದ್ರವ್ಯವನ್ನೂ 1929ರಲ್ಲಿ ಎಟಿಪಿಯನ್ನೂ ವರದಿ ಮಾಡಿದರು, ಅದೇ ವರ್ಷ ಜರ್ಮನಿಯಲ್ಲಿ ಲೋಮನ್ ಕೂಡ ಎಟಿಪಿಯನ್ನು ಕಂಡುಹಿಡಿದರು. ಸ್ನಾಯುವಿನಲ್ಲಿ ಸಿದ್ಧವಾಗಿರುವ ಎಟಿಪಿ ಬಿರುಸಿನ ದುಡಿಮೆಯಲ್ಲಿ ಕೆಲವೇ ಕ್ಷಣಗಳಿಗೆ ಸಾಕು. ಅನಂತರ ಫಾಸ್ಫೊಕ್ರಿಯಾಟಿನ್, ಆಮೇಲೆ ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟ ಸಕ್ಕರೆ, ದೀರ್ಘ ದುಡಿಮೆಗೆ ಆಮ್ಲಜನಕದೊಡನೆ ಉರಿಯುವ ಸಕ್ಕರೆ ಮತ್ತು ಕೊಬ್ಬು ಅದನ್ನು ಮತ್ತೆ ಮತ್ತೆ ತುಂಬಿಕೊಡಬೇಕು. ಒಣ ಖರ್ಜೂರದ ತೂಕದಲ್ಲಿ ಅರ್ಧಕ್ಕೂ ಹೆಚ್ಚು ಸಕ್ಕರೆಯೇ ಆಗಿರುವುದರಿಂದ, ಫಲಜ್ ಬೆಳೆಸಿದ ಹಣ್ಣೇ ಫಲಜ್ ತೋಡುವವರ ಮತ್ತು ತೋಟದಲ್ಲಿ ದುಡಿಯುವವರ ಮುಖ್ಯ ಆಹಾರವಾಗಿದ್ದದ್ದು ಸಹಜ.

ಫಲಜ್‌ನ ದೊಡ್ಡತನವಿರುವುದು ಅದು ಸ್ನಾಯುಬಲವನ್ನು ಖರ್ಚುಮಾಡುವ ಕ್ರಮದಲ್ಲಿ. ತೋಡುವಾಗ ಅದು ಅಪಾರ ದುಡಿಮೆಯನ್ನು ಬೇಡುತ್ತದೆ, ಹೂಳೆತ್ತಲು ಆಗಾಗ ಕೇಳುತ್ತದೆ. ಆದರೆ ನೀರು ಹರಿಯುವುದು ಇಳಿಜಾರಿನಿಂದಲೇ ಆದ್ದರಿಂದ ದಿನನಿತ್ಯ ಯಾರ ತೋಳೂ ನೀರೆತ್ತಬೇಕಾಗಿಲ್ಲ. ಬೌಷರ್‌ನಿಂದ ಪಶ್ಚಿಮಕ್ಕೆ ಹಬ್ಬಿದ ಬಾತಿನಾ ಕರಾವಳಿಯ ಬಯಲಿನಲ್ಲಿ ಇಂಥ ಇಳಿಜಾರು ಸಿಗದೆ, ಬಾವಿಯ ನೀರನ್ನು ಎತ್ತುಗಳಿಂದ ಎಳೆಸುವ ಝಾಜಿರಾ ಎಂಬ ಸಾಧನ ಬಳಕೆಗೆ ಬಂದಿತ್ತು. ಬಾವಿಯ ಮೇಲಿನ ಮರದ ಗಾಲಿ, ಚರ್ಮದ ಚೀಲ, ಎತ್ತು ಇಳಿದು ಹತ್ತುವ ಇಳಿಜಾರು ದಾರಿ, ಇವನ್ನು ಕಂಡ ಕನ್ನಡಿಗರಿಗೆ ತಮ್ಮ ಊರಿನ ಕಪಿಲೆ ಬಾವಿ ನೆನಪಾಗದೆ ಇರದು. ಎರಡೂ ಕಡೆ ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆಯುತ್ತಾ ಹಗ್ಗ ಎಳೆಯುವುದರಿಂದ ಅದರ ಮೈಭಾರವೂ ಸ್ನಾಯುವಿನ ಜೊತೆ ಸೇರಿ ನೀರನ್ನು ಎತ್ತುತ್ತದೆ. ಹತ್ತಿ ಹಿಂದಿರುಗುವಾಗ ಚೀಲ ಬರಿದಾಗಿರುತ್ತದೆ. ಸ್ನಾಯುವಿನ ಮೇಲಿನ ಭಾರ ಹೆಚ್ಚಿದಷ್ಟೂ ಅದು ಕುಗ್ಗುವ ವೇಗ ಕಡಿಮೆಯಾಗುತ್ತದೆ, ಮತ್ತು ಗರಿಷ್ಠ ವೇಗದ ಸುಮಾರು ಮೂರನೆಯ ಒಂದು ಭಾಗದಲ್ಲಿ ಅದರ ದುಡಿಮೆಯ ದರ ಅತ್ಯಧಿಕವಾಗಿರುತ್ತದೆ ಎಂಬುದನ್ನು ಇಂಗ್ಲೆಂಡಿನ ಎ. ವಿ. ಹಿಲ್ 1938ರಲ್ಲಿ ಕಪ್ಪೆಯ ಸ್ನಾಯುವಿನ ಪ್ರಯೋಗಗಳಿಂದ ಸೂತ್ರರೂಪಕ್ಕೆ ತಂದರು. ಚೀಲದ ಗಾತ್ರ ಎಷ್ಟಿರಬೇಕು, ದಾರಿ ಎಷ್ಟು ಇಳಿಜಾರಾಗಿರಬೇಕು, ಎತ್ತು ಯಾವ ನಡಿಗೆಯಲ್ಲಿ ಹೋಗಬೇಕು ಎಂಬುದನ್ನು ಬಾತಿನಾದ ರೈತರೂ ಕರ್ನಾಟಕದ ರೈತರೂ ಸೂತ್ರವಿಲ್ಲದೆ, ತಲೆಮಾರುಗಳ ಅನುಭವದಿಂದ ಹದಗೊಳಿಸಿಕೊಂಡಿದ್ದರು. ಒಮಾನ್ ಕರಾವಳಿಯಲ್ಲಿ ದನಗಳಿಗೆ ಖರ್ಜೂರವನ್ನೂ ಒಣಗಿಸಿದ ಬೂತಾಯಿ ಜಾತಿಯ ಮೀನನ್ನೂ ಮೇವಾಗಿ ಕೊಡುವ ಪದ್ಧತಿ ಇತ್ತು. ಹುಲ್ಲು ವಿರಳವಾದ ನೆಲದಲ್ಲಿ ಸಕ್ಕರೆ ಶಕ್ತಿಯನ್ನೂ ಮೀನು ಪ್ರೋಟೀನನ್ನೂ ಒದಗಿಸುತ್ತಿದ್ದವು.

ಖರ್ಜೂರದ ಮರ ಹತ್ತುವುದು ಇನ್ನೊಂದು ಬಗೆಯ ದುಡಿಮೆ. ಪರಾಗ ಕಟ್ಟುವುದಕ್ಕೆ, ಒಣಗರಿ ಸವರುವುದಕ್ಕೆ, ಗೊನೆ ಇಳಿಸುವುದಕ್ಕೆ ವರ್ಷದಲ್ಲಿ ಹಲವು ಸಲ ಮರ ಏರಬೇಕು. ಮರವನ್ನೂ ಸೊಂಟವನ್ನೂ ಬಳಸಿದ ಹಗ್ಗಕ್ಕೆ ಮೈಭಾರ ಒರಗಿಸಿ, ಕೈ ಬಿಡುವಾಗಿಸಿಕೊಂಡು ಕೆಲಸ ಮಾಡುತ್ತಾರೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಬಲ ಕೊಡುತ್ತದೆ; ಇಳಿಯುವಾಗ ಅದೇ ಸ್ನಾಯು ಭಾರವನ್ನು ತಡೆಯುತ್ತಾ ಹಿಗ್ಗುತ್ತದೆ. ಇಳಿಯುವುದು ಹಗುರವೆನಿಸಿದರೂ, ಹಿಗ್ಗುತ್ತಾ ಬಲ ಕೊಡುವ ಈ ಕ್ರಿಯೆಯಲ್ಲೇ ಸಾರ್ಕೋಮಿಯರುಗಳಿಗೆ ಹೆಚ್ಚು ಪೆಟ್ಟಾಗುತ್ತದೆ. ಅಭ್ಯಾಸವಿಲ್ಲದವರಿಗೆ ಮರುದಿನವೋ ಮೂರನೆಯ ದಿನವೋ ಕಾಣಿಸಿಕೊಳ್ಳುವ ಮೈನೋವಿಗೆ ಅದೇ ಮೂಲ. ಹಾನಿಗೊಂಡ ತಂತುಗಳನ್ನು ಸರಿಪಡಿಸುವುದು ತಂತುವಿನ ಅಂಚಿನಲ್ಲಿ ಸುಮ್ಮನಿರುವ ಉಪಗ್ರಹ ಕೋಶಗಳೆಂಬ ಮೂಲಕೋಶಗಳು. ಇವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದರು. ಬೌಷರ್‌ನ ಬುಗ್ಗೆಗಳಂಥ ಬಿಸಿನೀರಿನಲ್ಲಿ ಮೀಯುವುದರಿಂದ ರಕ್ತಸಂಚಾರ ಹೆಚ್ಚಿ ಬಿಗಿತ ಸಡಿಲವಾಗುತ್ತದೆ. ಆದರೆ ತಂತುವಿನ ದುರಸ್ತಿಗೆ ಬೇಕಾದದ್ದು ವಿಶ್ರಾಂತಿ, ಆಹಾರ ಮತ್ತು ಕಾಲ.

ಈ ವಿಶ್ರಾಂತಿ ಎಲ್ಲರಿಗೂ ಒಂದೇ ಸಮನಾಗಿ ದೊರೆಯಲಿಲ್ಲ. 1711ರಲ್ಲಿ ತೀರಿಕೊಂಡ ಯಅರೂಬಿ ವಂಶದ ಇಮಾಮ್ ಸೈಫ್ ಬಿನ್ ಸುಲ್ತಾನನ ಕಾಲದಲ್ಲಿ ಬಾತಿನಾ ಕರಾವಳಿಯಲ್ಲಿ ಖರ್ಜೂರದ ತೋಟಗಳು ಹಬ್ಬಿದವು. 19ನೆಯ ಶತಮಾನದಲ್ಲಿ ಒಮಾನಿನ ಖರ್ಜೂರ ಅಮೆರಿಕದ ಮಾರುಕಟ್ಟೆಯನ್ನು ಮುಟ್ಟಿದಾಗ, ಪೂರ್ವ ಆಫ್ರಿಕದಿಂದ ಹಡಗುಗಳಲ್ಲಿ ತಂದ ಗುಲಾಮರು ಈ ತೋಟಗಳಲ್ಲಿ ನೀರೆತ್ತಿದರು, ಗೊನೆ ಕೊಯ್ದರು. ಗುಲಾಮಗಿರಿ ಒಮಾನಿನಲ್ಲಿ ಕಾನೂನಿನಂತೆ ಕೊನೆಗೊಂಡದ್ದು 1970ರಲ್ಲಿ. ಬೈತ್ ಅಲ್ ಮಖಾಮಿನ ಚರಿತ್ರೆ ಅಲ್ ಬುಸಯೀದ್ ಮನೆತನದ ಸಯ್ಯಿದಾ ಥುರಯ್ಯಾ ಎಂಬ ಮಹಿಳೆಯ ಹೆಸರನ್ನು ಉಳಿಸಿಕೊಂಡಿದೆ. ಅದರ ಸುತ್ತಲಿನ ನೆಲಕ್ಕೆ ನೀರು ತಂದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ಇದೇ ವಿದ್ಯೆ ಕನ್ನಡನಾಡಿಗೂ ಹೊಸದಲ್ಲ. ಬಹಮನಿ ಸುಲ್ತಾನರು 15ನೆಯ ಶತಮಾನದಲ್ಲಿ ಬೀದರಿಗೆ ರಾಜಧಾನಿಯನ್ನು ತಂದ ಬಳಿಕ, ಪರ್ಶಿಯದ ತಂತ್ರವನ್ನು ಅನುಸರಿಸಿ ನೌಬಾದಿನ ಕರೇಜ್ ತೋಡಲ್ಪಟ್ಟಿತು. ಜಂಬಿಟ್ಟಿಗೆ ಕಲ್ಲಿನ ಪದರದಡಿ ಸಾಗುವ ಆ ಸುರಂಗವೂ ಅದರ ಸಾಲುಗೂಪಗಳೂ ದಾವೂದಿ ಫಲಜ್‌ನ ಕುಲಕ್ಕೇ ಸೇರಿದವು. ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗುಡ್ಡಗಳಲ್ಲಿ, ಒಬ್ಬ ನಿಲ್ಲಬಹುದಾದಷ್ಟು ಎತ್ತರದ, ಇಕ್ಕಟ್ಟಾದ ಸುರಂಗಗಳನ್ನು ಕೊರೆದು ಅಡಿಕೆ ತೋಟಕ್ಕೆ ನೀರು ತರುವ ಪದ್ಧತಿ ಇಂದಿಗೂ ಜೀವಂತವಾಗಿದೆ. ಬಂಟ್ವಾಳ ತಾಲ್ಲೂಕಿನ ಕೇಪು ಗ್ರಾಮದ ಅಮೈ ಮಹಾಲಿಂಗ ನಾಯ್ಕರು ಒಣ ಗುಡ್ಡದಲ್ಲಿ ಒಬ್ಬರೇ ಸುರಂಗದ ಮೇಲೆ ಸುರಂಗ ಕೊರೆದು, ಹಲವು ವಿಫಲವಾದರೂ ಬಿಡದೆ, ಕೊನೆಗೆ ನೀರು ಕಂಡು ತೋಟ ಎಬ್ಬಿಸಿದರು. 2022ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ನೀಡಿತು. ಸುರಂಗ ಕೊರೆಯುವವನೊಬ್ಬನ ಹೆಸರು ದೇಶದ ದಾಖಲೆಗೆ ಏರಿದ ಅಪರೂಪದ ಸಂದರ್ಭವದು.

1967ರಲ್ಲಿ ಒಮಾನಿನ ತೈಲ ರಫ್ತು ಆರಂಭವಾಗಿ, 1970ರಲ್ಲಿ ಸುಲ್ತಾನ್ ಕಾಬೂಸ್ ಅಧಿಕಾರಕ್ಕೆ ಬಂದ ಮೇಲೆ ಡೀಸೆಲ್ ಮತ್ತು ವಿದ್ಯುತ್ ಪಂಪುಗಳು ಹರಡಿದವು. ದಿನವಿಡೀ ದುಡಿಯುವ ಮನುಷ್ಯ ನಿರಂತರವಾಗಿ ಕೊಡಬಲ್ಲದ್ದು ಸುಮಾರು 75 ವಾಟ್. ಐದು ಅಶ್ವಶಕ್ತಿಯ ಒಂದು ಪಂಪು ಕೊಡುವುದು ಸುಮಾರು 3,700 ವಾಟ್, ಅಂದರೆ ಐವತ್ತು ಜನರ ದುಡಿಮೆಗೆ ಸಮ. ಝಾಜಿರಾದ ಗಾಲಿಗಳು ನಿಂತವು. ಅತಿಯಾಗಿ ಎತ್ತಿದ ಪರಿಣಾಮವಾಗಿ ಬಾತಿನಾದ ಬಾವಿಗಳಿಗೆ ಸಮುದ್ರದ ಉಪ್ಪುನೀರು ನುಗ್ಗಿತು. ಸ್ನಾಯು ದಣಿಯುತ್ತಿದ್ದುದರಿಂದ ನೀರೆತ್ತುವುದಕ್ಕೆ ತಾನಾಗಿ ಬೀಳುತ್ತಿದ್ದ ಮಿತಿ ದಣಿಯದ ಯಂತ್ರದೊಡನೆ ಇಲ್ಲವಾಯಿತು.

ಬೌಷರ್‌ನಲ್ಲಿ ಸ್ನಾಯುವಿನ ದುಡಿಮೆ ಮುಗಿಯಲಿಲ್ಲ, ಜಾಗ ಬದಲಿಸಿತು. 2001ರಲ್ಲಿ ತೆರೆದ ಸುಲ್ತಾನ್ ಕಾಬೂಸ್ ಮಹಾ ಮಸೀದಿಗೆ ಸುಮಾರು ಮೂರು ಲಕ್ಷ ಟನ್ ಭಾರತೀಯ ಮರಳುಗಲ್ಲು ಬಳಕೆಯಾಯಿತು. ಇಲ್ಲಿನ ರಸ್ತೆ, ಕಟ್ಟಡಗಳನ್ನು ಕಟ್ಟಿದವರಲ್ಲಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶಗಳಿಂದ ಬಂದ ಕೂಲಿಕಾರರು ಬಹುಸಂಖ್ಯಾತರು. ಸ್ನಾಯು ಬಳಸುವ ಶಕ್ತಿಯಲ್ಲಿ ಕಾಲುಭಾಗದಷ್ಟು ಮಾತ್ರ ಕೆಲಸವಾಗಿ ಹೊರಬಂದು ಉಳಿದದ್ದು ಶಾಖವಾಗುತ್ತದೆ. ಕರಾವಳಿಯ ತೇವದ ಸೆಕೆಯಲ್ಲಿ ಬೆವರು ಆರದೆ ಆ ಶಾಖ ದೇಹದಲ್ಲೇ ಕೂಡಿಕೊಂಡರೆ, ತಂತುಗಳು ಒಡೆದು ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡಗಳನ್ನು ಕೆಡಿಸುವ ಅಪಾಯವಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12.30ರಿಂದ 3.30ರವರೆಗೆ ಬಯಲಿನ ಕೆಲಸ ನಿಲ್ಲಿಸಬೇಕೆಂಬ ಒಮಾನಿನ ನಿಯಮಕ್ಕೆ ದೇಹಶಾಸ್ತ್ರದ ಆಧಾರ ಇದೇ. ಅದು ಕೂಲಿಕಾರರಿಗೆ ತೋರುವ ಔದಾರ್ಯವಲ್ಲ, ಅವರ ಪ್ರಾಣಕ್ಕೆ ಬೇಕಾದ ರಕ್ಷಣೆ. ಅದನ್ನು ಎಲ್ಲೆಡೆ ಕಟ್ಟುನಿಟ್ಟಾಗಿ ಪಾಲಿಸಬೇಕು.

2006ರಲ್ಲಿ ಯುನೆಸ್ಕೊ ಒಮಾನಿನ ಐದು ಫಲಜ್‌ಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಾಲುವೆಯನ್ನು ಪರಂಪರೆಯೆಂದು ಗೌರವಿಸುವವರು ಅದನ್ನು ತೋಡಿದವರ ಕಸುಬನ್ನೂ ಅಷ್ಟೇ ಶ್ರದ್ಧೆಯಿಂದ ದಾಖಲಿಸಬೇಕು. ಕಾಸರಗೋಡು, ದಕ್ಷಿಣ ಕನ್ನಡಗಳಲ್ಲಿ ಸುರಂಗ ಕೊರೆಯಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಯಾವ ಭಂಗಿಯಲ್ಲಿ ಕುಳಿತು ಅಗೆಯುತ್ತಿದ್ದರು, ಎಷ್ಟು ಹೊತ್ತಿಗೊಮ್ಮೆ ಕೈ ಬದಲಿಸುತ್ತಿದ್ದರು, ಏನು ಉಣ್ಣುತ್ತಿದ್ದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡುವ ಕೆಲಸವನ್ನು ಕನ್ನಡದ ವಿಶ್ವವಿದ್ಯಾಲಯಗಳೂ ಸ್ಥಳೀಯ ಇತಿಹಾಸಾಸಕ್ತರೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.